ವಿಶಾಲಮ್ಮನ ಟಿ.ವಿ.ಗೆ ಕ್ರಿಸ್‌ಮಸ್ ಬಂದ ಬಗೆ

ಹೆಗ್ಗದ್ದೆಯ ವಿಶಾಲಮ್ಮನವರ ಮನೆಯಲ್ಲಿ, ಟಿ.ವಿ.ಯಲ್ಲಿ ದೇವರು ಬಂದಾಗ ಅದರ ಮುಂದೆ ಯಾರೂ ಚಪ್ಪಲಿ ಮೆಟ್ಟಿ ನಿಲ್ಲುವಂತಿಲ್ಲ. ಸುದ್ದಿಯೋ ಧಾರಾವಾಹಿಯೋ ಬರುತ್ತಿದ್ದರೆ ಅದರೆದುರು ಕೂತು ಹುರುಳಿಕಾಯಿ ಸೋಸಬಹುದು, ಕಾಲು ಚಾಚಬಹುದು, ಕೂತಲ್ಲೇ ತೂಕಡಿಸಲೂಬಹುದು. ಆದರೆ ತಿರುಪತಿಯ ಕಲ್ಯಾಣೋತ್ಸವವೋ ಶಿವರಾತ್ರಿಯ ಅಭಿಷೇಕವೋ ಶುರುವಾಯಿತೆಂದರೆ ಅದೇ ಪೆಟ್ಟಿಗೆ ದೇವರ ಮನೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ವಿಶಾಲಮ್ಮ ಅದರ ಮುಂದೆ ಚಿಕ್ಕದೊಂದು ಮಣೆ ಹಾಕಿ, ದೀಪ ಹಚ್ಚಿ, ಆ ದಿನ ಮಾಡಿದ್ದನ್ನು ಬಟ್ಟಲಲ್ಲಿ ತಂದಿಡುತ್ತಾರೆ. ತೆರೆಯ ಮೇಲೆ ಮಂಗಳಾರತಿ ಎತ್ತಿದಾಗ ಇವರೂ ಗಂಟೆ ಆಡಿಸುತ್ತಾರೆ. ಆಮೇಲೆ ಎರಡೂ ಅಂಗೈಗಳನ್ನು ಗಾಜಿನತ್ತ ಚಾಚಿ ಕಣ್ಣಿಗೊತ್ತಿಕೊಂಡು, ಬಟ್ಟಲಲ್ಲಿದ್ದದ್ದನ್ನು ಮನೆಯಲ್ಲಿದ್ದವರಿಗೆಲ್ಲ ಪ್ರಸಾದವೆಂದು ಹಂಚುತ್ತಾರೆ.

ಇದು ಅವರು ಕಂಡುಹಿಡಿದ ಪದ್ಧತಿಯಲ್ಲ. ಅತ್ತೆ ನಂಜಮ್ಮನವರಿಂದ ಬಂದದ್ದು. ವಿಶಾಲಮ್ಮ ಮದುವೆಯಾಗಿ ಬಂದ ಕಾಲದಲ್ಲಿ ಊರಿಗೆಲ್ಲ ಒಂದೇ ಟಿ.ವಿ. ಇದ್ದದ್ದು ಎಸ್ಟೇಟ್ ಸಾಹುಕಾರರ ಜಗಲಿಯಲ್ಲಿ. ಭಾನುವಾರ ಬೆಳಗಿನ ಪುರಾಣದ ಧಾರಾವಾಹಿಗೆ ಕೂಲಿಯವರ ಲೈನ್ ಮನೆಗಳವರೂ ತೋಟದವರೂ ಮಿಂದು ಮಡಿಯಾಗಿ ಹೋಗುತ್ತಿದ್ದರು. ನಂಜಮ್ಮ ಸೆರಗಿನಲ್ಲಿ ಕರ್ಪೂರ ಕಟ್ಟಿಕೊಂಡು ಹೋಗಿ, ದೇವರು ತೆರೆಯ ಮೇಲೆ ನಿಂತೊಡನೆ ಆರತಿ ಎತ್ತುತ್ತಿದ್ದರು. ಸಾಹುಕಾರರ ಮನೆಯವರು ಗಾಜು ಒಡೆದೀತೆಂದು ಹೆದರಿ ತಟ್ಟೆಯನ್ನು ದೂರ ಸರಿಸುತ್ತಿದ್ದರಂತೆ. ಅತ್ತೆ ಹೋದರು, ಆ ಟಿ.ವಿ. ಗುಜರಿಗೆ ಹೋಯಿತು, ಪದ್ಧತಿ ಮಾತ್ರ ಸೊಸೆಯ ಕೈಯಲ್ಲಿ ಉಳಿಯಿತು.

"ಆ ಟಿ.ವಿ. ಕಂಪನಿಯವನಿಗೆ ಗೊತ್ತಾದ್ರೆ ಇನ್ಮೇಲೆ ರಿಮೋಟಿನ ಜೊತೆಗೆ ಒಂದು ಗಂಟೇನೂ ಇಟ್ಟು ಕೊಡ್ತಾನೆ ಕಣೆ" ಎಂದು ಗಂಡ ರಂಗಸ್ವಾಮಿ ನಗುತ್ತಾರೆ. ನಕ್ಕರೂ ಪ್ರಸಾದಕ್ಕೆ ಕೈ ಒಡ್ಡದೆ ತೋಟಕ್ಕೆ ಇಳಿಯುವುದಿಲ್ಲ.

ವಿಶಾಲಮ್ಮ ಹುಟ್ಟಿದ್ದು ಆಲೂರು ತಾಲ್ಲೂಕಿನ ಪಾಳ್ಯದ ಕಡೆ, ರಾಗಿ ಭತ್ತ ಬೆಳೆಯುವ ಮನೆಯಲ್ಲಿ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲೇ ಈ ಹುಡುಗಿ ಅವರನ್ನು ಕೇಳಿತ್ತು: "ನಿಮ್ಮೂರಲ್ಲಿ ತಿಂಗಳುಗಟ್ಲೆ ಮಳೆ ಹುಯ್ತದಂತಲ್ಲ, ಬಟ್ಟೆ ಹೆಂಗೆ ಒಣಗ್ತವೆ?" ತಾಯಿ ಬಾಗಿಲ ಸಂದಿನಿಂದ ಕಣ್ಣು ಕೆಂಪಗೆ ಮಾಡಿದರು. ನಂಜಮ್ಮ ಮಾತ್ರ ಗಂಭೀರವಾಗಿ, ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ ಒಣಗಿಸುತ್ತೇವೆಂದೂ ಅದಕ್ಕೇ ತಮ್ಮ ಸೀರೆಗಳೆಲ್ಲ ಹೊಗೆ ವಾಸನೆಯೆಂದೂ ವಿವರಿಸಿ, ಸೆರಗನ್ನು ಮೂಸಿ ನೋಡಲು ಕೊಟ್ಟರು. ಸಂಬಂಧ ಕುದುರಿದ್ದು ಅಲ್ಲಿಯೇ.

ಅಂದಿನಿಂದ ಇಂದಿನವರೆಗೆ ಆ ಬಾಯಿ ಸುಮ್ಮನಿದ್ದದ್ದಿಲ್ಲ. ಕಾಫಿ ಹೂವಿಗೆ ಮಲ್ಲಿಗೆಯ ಘಮ ಏಕೆ, ಅಭಿಷೇಕದ ನಡುವೆ ಗರ್ಭಗುಡಿಯ ಪರದೆ ಏಕೆ ಎಳೆಯುತ್ತಾರೆ, ಆನೆ ಬಾಳೆಯನ್ನು ತಿಂದು ಪಕ್ಕದ ಏಲಕ್ಕಿಯನ್ನು ತುಳಿದಷ್ಟಕ್ಕೇ ಬಿಡುವುದೇಕೆ. ಕಾಫಿ ಬೋರ್ಡಿನ ಅಧಿಕಾರಿ, ಪೂಜಾರಿ, ಅರಣ್ಯ ಇಲಾಖೆಯ ಗಾರ್ಡ್, ಎಲ್ಲರೂ ಈ ಮನೆಯ ಗೇಟಿನ ಮುಂದೆ ಸ್ವಲ್ಪ ಬೇಗ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ಇಷ್ಟೆಲ್ಲ ಕೇಳುವ ವಿಶಾಲಮ್ಮ, ಒಂದು ಗದ್ದೆಯಾಚೆಗೆ ವಾಸವಾಗಿರುವ ಶೀಲಾ ಅವರನ್ನು ಅವರ ಹಬ್ಬದ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ಅದು ಅವರಿಗೇ ಅರಿವಾದದ್ದು ಕಳೆದ ಡಿಸೆಂಬರಿನಲ್ಲಿ.

ಶೀಲಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಸುತ್ತಿನವರಿಗೆಲ್ಲ ಅವರು ಸಿಸ್ಟರು. ಹಾಸನದ ಕಡೆಯ ಕ್ರಿಶ್ಚಿಯನ್ ಮನೆತನ. ಗಂಡ ತೀರಿಕೊಂಡ ಮೇಲೆ ತವರಿನವರು ಕರೆದರೂ ಹೋಗಲಿಲ್ಲ. "ಈ ದಾರೀಲಿ ಎದುರಿಗೆ ಬರೋ ಅರ್ಧ ಜನದ ಹೊಕ್ಕುಳಬಳ್ಳಿ ಕತ್ತರಿಸಿದೋಳು ನಾನು. ಅಲ್ಲಿ ಹೋಗಿ ಯಾರ ಮುಖ ನೋಡ್ಲಿ?" ಎನ್ನುವುದು ಅವರ ಉತ್ತರ. ಪ್ರತಿ ವರ್ಷ ಕ್ರಿಸ್‌ಮಸ್ ಬೆಳಿಗ್ಗೆ ಬಿಳಿ ಸೀರೆಯುಟ್ಟು, ಬಾಡಿಗೆ ಜೀಪಿನಲ್ಲಿ ಸಕಲೇಶಪುರದ ಚರ್ಚಿಗೆ ಹೋಗಿ, ಮಧ್ಯಾಹ್ನ ಮರಳಿ, ನೆರೆಮನೆಗಳಿಗೆ ಕೇಕು ಕಜ್ಜಾಯ ಹಂಚುತ್ತಿದ್ದರು. ವಿಶಾಲಮ್ಮ ಕೇಕು ತಿನ್ನುತ್ತ ಕೇಕಿನ ಬಗ್ಗೆ ಕೇಳಿದ್ದರು: ಒಣದ್ರಾಕ್ಷಿ ತಳಕ್ಕಿಳಿಯದ ಹಾಗೆ ಹೇಗೆ ಮಾಡುವುದೆಂದು.

ಆ ಸಲ ಕಾಫಿ ಕೊಯ್ಲು ಶುರುವಾದ ಹೊಸದರಲ್ಲಿ ಶೀಲಾ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮಂಡಿಯ ಮೇಲಿನವರೆಗೆ ಪ್ಲಾಸ್ಟರು ಬಿತ್ತು. ಜೀಪಿನ ಕುಲುಕಾಟ ಸದ್ಯಕ್ಕೆ ಬೇಡವೇ ಬೇಡವೆಂದು ಡಾಕ್ಟರು ಹೇಳಿದರು. ಹುಟ್ಟಿದಾಗಿನಿಂದ ಚರ್ಚಿಲ್ಲದ ಕ್ರಿಸ್‌ಮಸ್ ಅವರು ಕಂಡಿರಲಿಲ್ಲ. ಗಂಡ ತೀರಿಕೊಂಡ ವರ್ಷವೂ ಹೋಗಿದ್ದರು.

"ಈ ಸಲ ಹಬ್ಬ ಇಲ್ಲ ವಿಶಾಲು. ಆವತ್ತು ಬಾಗಿಲು ಹಾಕ್ಕೊಂಡು ಮಲಗಿಬಿಡ್ತೀನಿ. ಯಾರೂ ಬರಬೇಡಿ" ಎಂದರು ಶೀಲಾ. ಅಳಲಿಲ್ಲ. ಅತ್ತಿದ್ದರೆ ವಿಶಾಲಮ್ಮ ಸಮಾಧಾನ ಮಾಡಿ ಮನೆಗೆ ಬರುತ್ತಿದ್ದರು. ಅಳದೆ ಹೇಳಿದ ಮಾತು ಅವರ ಮನಸ್ಸಿನಲ್ಲಿ ಕೂತಿತು.

"ಅದಕ್ಕೇನು, ಟಿ.ವಿ.ಯಲ್ಲಿ ಬರ್ತದಲ್ಲ ಶೀಲಕ್ಕ" ಎಂದರು.

"ಬರುತ್ತಾ?" ಎಂದರು ಶೀಲಾ.

ವಿಶಾಲಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದಸರಾ ಬರುತ್ತದೆ, ವೈಕುಂಠ ಏಕಾದಶಿ ಬರುತ್ತದೆ, ಮಕರಜ್ಯೋತಿ ಬರುತ್ತದೆ. ಕ್ರಿಸ್‌ಮಸ್ ದಿನ ಏನು ಬರುತ್ತದೆ? ಎಷ್ಟು ನೆನೆದರೂ ಕಣ್ಣಿಗೆ ಕಟ್ಟಿದ್ದು ಧಾರಾವಾಹಿಯ ಅತ್ತೆ ಸೊಸೆ ಒಂದೇ ಚಾಕು ಹಿಡಿದು ಕೇಕು ಕತ್ತರಿಸುತ್ತಿದ್ದದ್ದು, ಹಾಸ್ಯದ ಕಾರ್ಯಕ್ರಮದವರು ಕೆಂಪು ಟೋಪಿ ಹಾಕಿ ಕುಣಿಯುತ್ತಿದ್ದದ್ದು. ಶೀಲಕ್ಕನ ಮನೆಯಲ್ಲಿ ಕೇಕಿಗೂ ಮುಂಚೆ ಏನು ನಡೆಯುತ್ತದೆ? ಹಬ್ಬವೆಂದ ಮೇಲೆ ಒಂದು ಪೂಜೆ ಇರಲೇಬೇಕಲ್ಲ? ಅದನ್ನೇಕೆ ಯಾರೂ ತೋರಿಸಲಿಲ್ಲ, ತಾನೇಕೆ ಕೇಳಲಿಲ್ಲ?

ಸಂಜೆ ಕಣದಲ್ಲಿ ಕಾಫಿ ಗುಡ್ಡೆ ಹಾಕುತ್ತಿದ್ದ ಗಂಡನ ಮುಂದೆ ಇದನ್ನು ಇಟ್ಟರು.

"ಪುಣ್ಯವಂತರು ಅವ್ರು" ಎಂದರು ರಂಗಸ್ವಾಮಿ. "ನಮ್ಮ ಕಥೆ ನೋಡು. ಬೆಳಿಗ್ಗೆ ಎದ್ರೆ ಯಾವ ಚಾನೆಲ್ ತಿರುಗ್ಸಿದ್ರೂ ಒಬ್ಬ ಜ್ಯೋತಿಷಿ. ಒಬ್ಬ ತೆಂಕಲಿಗೆ ಹೋಗು ಅಂತಾನೆ, ಇನ್ನೊಬ್ಬ ಹೋದ್ರೆ ಸತ್ತೆ ಅಂತಾನೆ. ಟಿ.ವಿ.ಯಲ್ಲಿ ದೇವ್ರು ಜಾಸ್ತಿ ಆದ್ಮೇಲೆ ನಮ್ ದೇವಸ್ಥಾನದಲ್ಲಿ ಮಂಗಳಾರತಿಗೆ ನಾಕು ಜನ ಇರಲ್ಲ. ಅವ್ರ ದೇವ್ರಾದ್ರೂ ಚರ್ಚಲ್ಲೇ ಇರ್ಲಿ ಬುಡು."

"ಚರ್ಚಿಗೆ ಹೋಗೋಕೆ ಕಾಲಿರೋರಿಗೆ ಸರಿ. ಕಾಲು ಮುರಿದೋರಿಗೆ?"

"ಅವ್ರಿಗೆ ಫೋನು."

"ಇಲ್ಲಿ ಫೋನಲ್ಲಿ ಮಾತು ಕೇಳೋದೇ ಜಗಲಿ ಮೂಲೇಲಿ ನಿಂತ್ರೆ. ವಿಡಿಯೋ ಎಲ್ಲಿಂದ ಬರ್ತೈತೆ?"

"ನೀನು ಕೇಳೋಕೆ ಹುಟ್ಟಿದೋಳು, ನಾನು ಗೊತ್ತಿಲ್ಲ ಅನ್ನೋಕೆ ಹುಟ್ಟಿದೋನು" ಎಂದು ರಂಗಸ್ವಾಮಿ ಟಾರ್ಪಾಲು ಎಳೆದರು.

ಗೊತ್ತಿರುವವನು ಎರಡು ದಿನ ಬಿಟ್ಟು ತಾನಾಗಿಯೇ ಬಂದ. ಆನೆ ತೋಟದ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರದ ಕೊಂಬೆ ಮುರಿದು ಕೇಬಲ್ ವೈರಿನ ಮೇಲೆ ಕೆಡವಿತ್ತು. ಅದನ್ನು ಸರಿಮಾಡಲು ಬಂದ ಸುನಿಲ್‌ಕುಮಾರ್ ಸುತ್ತಿನ ಊರುಗಳಿಗೆಲ್ಲ ಕೇಬಲ್ ಕೊಟ್ಟವನು. ಸಕಲೇಶಪುರದಲ್ಲಿ ಒಂದು ಕೋಣೆಯ ಕಂಟ್ರೋಲ್ ರೂಮು ಇಟ್ಟುಕೊಂಡು ಅವನೂ ಅವನ ಹೆಂಡತಿ ಮಂಜುಶ್ರೀಯೂ ತಮ್ಮದೇ ಒಂದು ಲೋಕಲ್ ಚಾನೆಲ್ ನಡೆಸುತ್ತಾರೆ. ಊರಿನ ಮದುವೆ, ಗಣಪತಿ ವಿಸರ್ಜನೆ, ಶಾಲೆಯ ವಾರ್ಷಿಕೋತ್ಸವ ಎಲ್ಲ ಅದರಲ್ಲಿ ಬರುತ್ತವೆ. ಕೆಳಗೆ ಸದಾ ಅವನ ಫೋನ್ ನಂಬರೂ ಆನೆ ಎಲ್ಲಿದೆಯೆಂಬ ಸುದ್ದಿಯೂ ಹರಿಯುತ್ತಿರುತ್ತವೆ.

"ಸುನಿಲ, ಕ್ರಿಸ್‌ಮಸ್ ದಿನ ಚರ್ಚಿನ ಪೂಜೆ ಯಾವ ಚಾನೆಲ್ಲಲ್ಲಿ ಬರ್ತೈತೆ?"

ಅವನು ಏಣಿಯ ಮೇಲಿಂದಲೇ, "ಆವತ್ತು ಹೊಸಾ ಪಿಕ್ಚರ್ ಐತೆ ಅಮ್ಮ. ಮಧ್ಯಾಹ್ನಕ್ಕೆ ಕಾಮಿಡಿ ಸ್ಪೆಷಲ್ಲು" ಎಂದ.

"ನಾನು ಕೇಳಿದ್ದು ಪೂಜೆ ಮಾರಾಯ."

"ನಮ್ಮ ಕನ್ನಡದ ಪ್ಯಾಕಲ್ಲಿ ನಾನಂತೂ ಕಂಡಿಲ್ಲ. ಯಾರು ನೋಡ್ತಾರೆ ಹೇಳಿ? ಜನಕ್ಕೆ ಕ್ರಿಸ್‌ಮಸ್ ಅಂದ್ರೆ ರಜಾ. ರಜಕ್ಕೆ ಪಿಕ್ಚರ್ರು."

"ನಿನ್ನ ಚಾನೆಲ್ಲಲ್ಲಿ ಹಾಕು."

ಸುನಿಲ್‌ಕುಮಾರ್ ಏಣಿಯಿಂದ ಇಳಿದ. ಚರ್ಚಿನ ಹುಡುಗರು, ಬಲಿಪೂಜೆಯೆಂದು ತಾವು ಕರೆಯುವ ಆರಾಧನೆಯನ್ನು ಫೋನಿಗೆ ನೇರವಾಗಿ ಬಿಡುವುದು ಅವನಿಗೆ ಗೊತ್ತಿತ್ತು. ಅದನ್ನು ಹಿಡಿದು ಕೇಬಲ್ಲಿಗೆ ಹಾಯಿಸುವುದು ದೊಡ್ಡ ಕೆಲಸವೇನಲ್ಲ. ಅವನ ಅಂಜಿಕೆ ಬೇರೆ. "ಅಷ್ಟೊತ್ತಿಗೆ ನಮ್ಮಲ್ಲಿ ಭಜನೆ ಬರ್ತದಲ್ಲ. ಭಜನೆ ತೆಗೆದು ಚರ್ಚು ಹಾಕಿದ ಅಂತ ಫೋನು ಬರ್ತವೆ ಅಮ್ಮ."

"ಆ ಭಜನೆಯಲ್ಲಿ ತಾಳ ಹಾಕೋದು ಯಾರು?"

"ನೀವೇ."

"ನಾನೇ ಒಂದಿನ ಬೇಡ ಅಂತೀನಿ. ಇನ್ಯಾರು ಫೋನ್ ಮಾಡೋರು? ಅಲ್ಲ ಕಣೋ, ನೀನು ಹುಟ್ಟಿದಾಗ ಅಳಲೇ ಇಲ್ಲ, ಗೊತ್ತಾ? ಕಾಲು ಹಿಡಿದು ತಲೆಕೆಳಗು ಮಾಡಿ, ಬೆನ್ನಿಗೆ ಎರಡು ಬಾರಿಸಿ ಅಳ್ಸಿದೋಳು ಸಿಸ್ಟ್ರು. ಅವತ್ತು ಅಳ್ಸಿದ್ದಕ್ಕೇ ಇವತ್ತು ಏಣಿ ಹತ್ತಿದ್ದೀಯ."

"ಅದನ್ನ ಎಷ್ಟು ಸಲ ಹೇಳ್ತೀರ? ನಮ್ಮ ಮಂಜು ಮುಂದೆನೂ ಹೇಳಿಬುಟ್ಟಿದ್ದೀರ" ಎಂದು ಸುನಿಲ್‌ಕುಮಾರ್ ಕೆಂಪಾದ. ಕೊನೆಗೆ, ಫಾದರನ್ನು ಕೇಳಿ ನೋಡುತ್ತೇನೆಂದ. ಮೂರನೆಯ ದಿನ ಫೋನ್ ಮಾಡಿ, ಅವರು ಒಪ್ಪಿದ್ದಾರೆಂದೂ ತಾನೇ ಕ್ಯಾಮೆರಾ ಹಿಡಿದು ಚರ್ಚಿನಲ್ಲಿ ನಿಲ್ಲುತ್ತೇನೆಂದೂ ತಿಳಿಸಿದ. ಒಮ್ಮೆ ಕೈಹಾಕಿದ ಮೇಲೆ ಅರೆಬರೆ ಮಾಡುವ ಜಾಯಮಾನ ಅವನದಲ್ಲ.

ಶೀಲಾ ಮಾತ್ರ ವಿಶಾಲಮ್ಮ ಎಣಿಸಿದಷ್ಟು ಸಂತೋಷಪಡಲಿಲ್ಲ.

"ಲಾಕ್‌ಡೌನ್‌ನಲ್ಲಿ ಒಂದ್ಸಲ ಟೌನಲ್ಲಿ ತಂಗಿ ಮನೇಲಿದ್ದಾಗ ಭಾನುವಾರದ ಪೂಜೆ ಫೋನಲ್ಲಿ ನೋಡಿದ್ದೆ" ಎಂದರು. "ಒಂದು ಕಡೆ ಪೂಜೆ, ಇನ್ನೊಂದು ಕಡೆ ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ. ಆಮೇಲೆ ನಾಚಿಕೆ ಆಯ್ತು."

"ನಾನೂ ಉಪ್ಪಿಟ್ಟು ತಿರುವುತ್ತಾನೇ ತಿಮ್ಮಪ್ಪನ್ನ ನೋಡ್ತೀನಪ್ಪ. ಅವನೇನೂ ಬೇಜಾರು ಮಾಡ್ಕೊಂಡಿಲ್ಲ."

ಶೀಲಾ ನಕ್ಕರು. "ನಿಮ್ಮದು ದರ್ಶನ ವಿಶಾಲು. ನೋಡಿದ್ರೆ ಸಿಕ್ತು. ನಮ್ಮದು ಹಂಗಲ್ಲ. ಫಾದರ್ ಒಂದು ಮಾತು ಹೇಳಿದ್ರೆ ನಾವೆಲ್ಲ ಸೇರಿ ಮರುಮಾತು ಹೇಳ್ಬೇಕು. ನಿಲ್ಲೋ ಕಡೆ ನಿಲ್ಬೇಕು, ಮಂಡಿ ಊರೋ ಕಡೆ ಊರ್ಬೇಕು. ಒಬ್ಬಳೇ ಕೂತು ಪೆಟ್ಟಿಗೆಗೆ ಉತ್ತರ ಕೊಡೋದು ಅಂದ್ರೆ, ಆ ಕಡೆಯವ್ರು ಫೋನ್ ಇಟ್ಟ ಮೇಲೂ ಮಾತಾಡ್ತಾ ಇದ್ದಂಗೆ."

"ಒಬ್ಬಳೇ ಯಾಕೆ? ನಾವಿಲ್ವಾ?" ಎಂದರು ವಿಶಾಲಮ್ಮ.  ಬಾಗಿಲು ಹಾಕಿಕೊಂಡು ಮಲಗುವ ಮಾತನ್ನು ಶೀಲಾ ಮತ್ತೆ ಎತ್ತಲಿಲ್ಲ.

ಹಬ್ಬದ ಬೆಳಿಗ್ಗೆ ಮಂಜು ಇನ್ನೂ ಗದ್ದೆಯ ಮೇಲೆ ಕೂತಿತ್ತು. ರಂಗಸ್ವಾಮಿಯೂ ಕೊಯ್ಲಿಗೆ ಬಂದ ಇಬ್ಬರು ಆಳುಗಳೂ ಶೀಲಾ ಅವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬದುವಿನ ಮೇಲೆ ತಂದರು. "ನಿಧಾನ ಕಣ್ರೋ, ಊರಿಗೆಲ್ಲಾ ಒಬ್ರೇ ಸಿಸ್ಟ್ರು ಇರೋದು" ಎಂದು ರಂಗಸ್ವಾಮಿ ಗದರುತ್ತಿದ್ದರು. ಬಿಳಿ ಸೀರೆಯುಟ್ಟ ಶೀಲಾ ಒಂದು ಕೈಯಲ್ಲಿ ಕುರ್ಚಿಯನ್ನೂ ಇನ್ನೊಂದರಲ್ಲಿ ಜಪಮಾಲೆಯನ್ನೂ ಬಿಗಿಯಾಗಿ ಹಿಡಿದಿದ್ದರು. ಹಜಾರದಲ್ಲಿ ಟಿ.ವಿ.ಯ ಮುಂದೆ ಮಣೆ, ದೀಪ, ಮುಚ್ಚಿಟ್ಟ ಬಟ್ಟಲಲ್ಲಿ ಸಜ್ಜಿಗೆ. ಕೊಯ್ಲಿನ ಕೆಂಚಮ್ಮ ಇನ್ನು ನಾಲ್ಕು ಹೆಂಗಸರೊಡನೆ ಚಪ್ಪಲಿ ಹೊರಗೆ ಬಿಟ್ಟು ಕೂತಿದ್ದಳು.

ಚರ್ಚಿನ ಒಳಗು ತೆರೆಯ ಮೇಲೆ ಮೂಡಿತು. ಒಂದು ಬದಿಗೆ ಹುಲ್ಲಿನ ಮೇಲೆ ಮಲಗಿಸಿದ ಮಗುವಿನ ಬೊಂಬೆ ಕಾಣುತ್ತಿತ್ತು. ಕೆಳಗೆ ಎಂದಿನಂತೆ ಸುನಿಲ್‌ಕುಮಾರನ ನಂಬರೂ, ಒಂಟಿ ಆನೆ ಯಾವ ಎಸ್ಟೇಟಿನಲ್ಲಿದೆಯೆಂಬ ಸಾಲೂ ಹರಿಯತೊಡಗಿದವು.

"ಅದ್ಯಾಕೆ ಮಗೂನ ಹುಲ್ಲಲ್ಲಿ ಮಲಗ್ಸವ್ರೆ ಸಿಸ್ಟ್ರೇ? ಚಳಿಗೆ ಒಂದು ಕಂಬಳಿ ಬ್ಯಾಡ್ವಾ?" ಎಂದಳು ಕೆಂಚಮ್ಮ.

"ಅದು ಗೋದಲಿ ಕೆಂಚಮ್ಮ. ಅವರಿಗೆ ಊರಲ್ಲಿ ಎಲ್ಲೂ ಜಾಗ ಸಿಗಲಿಲ್ಲ. ದನದ ಕೊಟ್ಟಿಗೇಲಿ ಹುಟ್ಟಿದ್ದು."

"ಬಾಣಂತೀನ ಕೊಟ್ಟಿಗೇಲಿ ಬುಟ್ರಾ! ಸೂಲಗಿತ್ತಿ ಯಾರು?"

ನೂರಾರು ಹೆರಿಗೆ ಮಾಡಿಸಿದ ಶೀಲಾ ತೆರೆಯ ಮೇಲಿನ ಗೋದಲಿಯನ್ನು ಮತ್ತೊಮ್ಮೆ ನೋಡಿದರು. "ಅದನ್ನ ಯಾರೂ ಬರೆದಿಲ್ಲ" ಎಂದರು. "ನನಗೆ ಯಾವತ್ತೂ ಹೊಳೆದೇ ಇರಲಿಲ್ಲ ನೋಡು."

ವಿಶಾಲಮ್ಮ ಹೆಂಗಸರಿಗೆ ಮೊದಲೇ ಪಾಠ ಹೇಳಿದ್ದರು: ಟಿ.ವಿ.ಯಲ್ಲಿ ಎದ್ದು ನಿಂತರೆ ನಾವೂ ನಿಲ್ಲುವುದು, ಸಿಸ್ಟರು 'ಆಮೆನ್' ಎಂದರೆ ನಾವೂ ಎನ್ನುವುದು. ಮೊದಮೊದಲು ಅದು ಶಾಲೆಯ ಪ್ರಾರ್ಥನೆಯಂತೆ ಅಡ್ಡಾದಿಡ್ಡಿಯಾಗಿ ಬಂತು. ಬರಬರುತ್ತ ಕೂಡಿಕೊಂಡಿತು. ಶೀಲಾ ಅವರ ಧ್ವನಿಯೂ ಗಟ್ಟಿಯಾಯಿತು. ನಡುವೆ ಫಾದರ್ ರೊಟ್ಟಿಯ ಬಿಳಿಯ ಬಿಲ್ಲೆಯೊಂದನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಚರ್ಚಿನಲ್ಲಿ ಗಂಟೆ ಮೊಳಗಿತು. ವಿಶಾಲಮ್ಮನ ಕೈ ಅಭ್ಯಾಸಬಲದಿಂದ ತಾನಾಗಿ ಮಣೆಯ ಮೇಲಿನ ಗಂಟೆಯನ್ನು ಆಡಿಸಿತು. ಬಾರಿಸಿದ ಮೇಲೆ ತಪ್ಪಾಯಿತೇನೋ ಎಂದು ತಿರುಗಿ ನೋಡಿದರೆ ಶೀಲಾ ಅವರ ಕಣ್ಣು ತುಂಬಿತ್ತು. ಮಂಡಿ ಊರಲಾಗದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ತಲೆಯನ್ನು ಮಾತ್ರ ಆದಷ್ಟೂ ಬಾಗಿಸಿದ್ದರು.

ಆಮೇಲೆ ತೆರೆಯ ಮೇಲೆ ಜನ ಸಾಲುಗಟ್ಟಿ ಮುಂದೆ ಬಂದರು. ಫಾದರ್ ಒಬ್ಬೊಬ್ಬರ ಕೈಗೂ ಬಿಳಿಯದೊಂದನ್ನು ಇಡುತ್ತಿದ್ದರು.

"ಪ್ರಸಾದ!" ಎಂದಳು ಕೆಂಚಮ್ಮ.

ಈ ಮನೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಹೆಂಗಸರು ಎದ್ದು ಸಾಲಾಗಿ ನಿಂತು ಬಲಗೈ ಮುಂದೆ ಮಾಡಿದರು. ವಿಶಾಲಮ್ಮ ಬಟ್ಟಲೆತ್ತಿ ಗಾಜಿಗೆ ಒಮ್ಮೆ ತೋರಿಸಿ, ಮೊದಲ ತುತ್ತನ್ನು ಹಬ್ಬದವರಿಗೇ ಕೊಡಬೇಕೆಂದು ನೇರವಾಗಿ ಶೀಲಾ ಅವರ ಬಳಿಗೆ ಬಂದರು. "ತಗೋ ಶೀಲಕ್ಕ. ನಿಮ್ಮ ಪ್ರಸಾದ."

ಶೀಲಾ ಕೈ ಚಾಚಲಿಲ್ಲ. ತೆರೆಯನ್ನೇ ನೋಡುತ್ತಿದ್ದರು. ಬಳಿಕ ತಮ್ಮ ಅಂಗೈಯನ್ನು ಮೆಲ್ಲನೆ ಬಟ್ಟಲಿನ ಮೇಲೆ ಮುಚ್ಚಿದರು.

"ಇದು ಅದಲ್ಲ ವಿಶಾಲು."

 ಕೆಂಚಮ್ಮ ಚಾಚಿದ್ದ ಕೈಯನ್ನು ಸೆರಗಿನಡಿಗೆ ಎಳೆದುಕೊಂಡಳು. ನಂಜಮ್ಮನ ಕಾಲದಿಂದ ಈ ಮನೆಯ ಪ್ರಸಾದವನ್ನು ಯಾರೂ ಬೇಡವೆಂದದ್ದಿಲ್ಲ. ವಿಶಾಲಮ್ಮನ ಕಿವಿ ಬಿಸಿಯಾಯಿತು. ಬಟ್ಟಲನ್ನು ಮಣೆಯ ಮೇಲಿಟ್ಟು ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಆದರೆ ಅವರಲ್ಲಿ ಬೇಸರಕ್ಕಿಂತ ಬೇಗ ಹುಟ್ಟುವುದು ಪ್ರಶ್ನೆ.

"ಮತ್ತೆ ಅದು ಎಲ್ಲಿ ಸಿಗ್ತೈತೆ?"

"ಫಾದರ್ ಕೈಯಿಂದ. ಅವರು ಆ ಪೂಜೆಯಲ್ಲಿ ಇಟ್ಟದ್ದೇ ಆಗ್ಬೇಕು. ಬೇರೆ ಎಲ್ಲಾ ಬಂತು ವಿಶಾಲು. ಹಾಡು ಬಂತು, ಮಾತು ಬಂತು, ನೀವೆಲ್ಲ ಜೊತೆಗೆ ಬಂದ್ರಿ. ಅದೊಂದು ಮಾತ್ರ ಕೇಬಲ್ ವೈರಲ್ಲಿ ಬರಲ್ಲ." ಎಂದರು ಶೀಲಾ. "ನನಗೆ ಬೇಕಾಗಿದ್ದು ಅದೇ ಆಗಿತ್ತು."

"ಕಾಯಿಲೆ ಬಿದ್ದೋರಿಗೆ ಏನು ಗತಿ? ಅವ್ರಿಗೆ ಇಲ್ವಾ?"

"ಇದೆ. ಹೇಳಿ ಕಳ್ಸಿದ್ರೆ ಮನೆಗೇ ತಂದುಕೊಡ್ತಾರೆ."

"ಮತ್ತೆ ಯಾಕೆ ಹೇಳಿ ಕಳ್ಸಲಿಲ್ಲ?"

"ಹಬ್ಬದ ದಿನ ಅವರಿಗೆ ಎಷ್ಟು ಕೆಲಸ ಇರುತ್ತೆ. ಈ ಆನೆ ದಾರೀಲಿ, ನನ್ನೊಬ್ಬಳಿಗೋಸ್ಕರ..." ಎಂದರು ಶೀಲಾ. ಆಪತ್ತಿನ ಹೆರಿಗೆಗೆ ಯಾವ ಹೊತ್ತಿನಲ್ಲಿ ಕರೆದರೂ ಯಾವ ದಾರಿಯಲ್ಲಾದರೂ ಹೋಗುತ್ತಿದ್ದವರು ತಮಗಾಗಿ ಒಬ್ಬರನ್ನು ಕರೆಯಲು ಸಂಕೋಚಪಟ್ಟಿದ್ದರು.

ವಿಶಾಲಮ್ಮ ಫೋನು ಹಿಡಿದು ಎದ್ದು ಜಗಲಿಯ ಮೂಲೆಗೆ ಹೋದರು. ತೆರೆಯ ಮೇಲಿನ ಚಿತ್ರ ಇದ್ದಕ್ಕಿದ್ದಂತೆ ಅಲುಗಾಡಿ ಚರ್ಚಿನ ಚಾವಣಿಯನ್ನು ತೋರಿಸಿತು. ಕ್ಯಾಮೆರಾ ಹಿಡಿದಿದ್ದ ಸುನಿಲ್‌ಕುಮಾರನ ಜೇಬಿನಲ್ಲಿ ಫೋನು ಅದುರಿರಬೇಕು.

"ಅಮ್ಮ, ಲೈವ್ ನಡೀತಾ ಐತೆ!" ಎಂದ ಅವನು ಪಿಸುದನಿಯಲ್ಲಿ.

"ನಡೀಲಿ. ಮುಗಿದ ಮೇಲೆ ನೀನು ಬರೋ ಓಮ್ನಿ ವ್ಯಾನಲ್ಲಿ ಫಾದರನ್ನ ಕೂರಿಸ್ಕೊಂಡು ಬಾ. ಸಿಸ್ಟ್ರಿಗೆ ಕಾಲು ಮುರಿದೈತೆ, ಪ್ರಸಾದ ಬೇಕಂತೆ ಅನ್ನು. ಅವರದೇ ಪ್ರಸಾದ. ನಮ್ಮದಲ್ಲ."

ಬಿಸಿಲು ನೆತ್ತಿಗೇರಿದ ಮೇಲೆ ಓಮ್ನಿ ಗೇಟಿನಲ್ಲಿ ನಿಂತಿತು. ಫಾದರ್ ಚಿಕ್ಕ ವಯಸ್ಸಿನವರು. ಬೆಳಗಿನಿಂದ ನಿಂತು ನಿಂತು ಸೋತ ಮುಖ. ಟಿ.ವಿ.ಯಲ್ಲಿ ಆಗ ಕೆಂಪು ಟೋಪಿಯವರ ಕುಣಿತ ನಡೆದಿತ್ತು. ರಂಗಸ್ವಾಮಿ ಗಡಬಡಿಸಿ ರಿಮೋಟು ಹುಡುಕಿ, ಸಿಗದೆ, ಪ್ಲಗ್ಗನ್ನೇ ಕಿತ್ತರು.

"ಯಾಕೆ ಸಿಸ್ಟರ್, ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದರು ಫಾದರ್. ಶೀಲಾ ತಲೆ ತಗ್ಗಿಸಿದರು.

ಫಾದರ್ ಹೇಳಿದಂತೆ ವಿಶಾಲಮ್ಮ ಒಗೆದ ಬಿಳಿಯ ವಸ್ತ್ರವೊಂದನ್ನು ಸ್ಟೂಲಿನ ಮೇಲೆ ಹಾಸಿ ಮೇಣದ ಬತ್ತಿ ಹಚ್ಚಿದರು. ಫಾದರ್ ಅಂಗಿಯ ಎದೆಯ ಜೇಬಿನಿಂದ ಒಂದು ಪುಟ್ಟ ದುಂಡನೆಯ ಡಬ್ಬಿ ತೆಗೆದರು. ಕುಂಕುಮದ ಭರಣಿಗಿಂತ ದೊಡ್ಡದಲ್ಲ. ಇಷ್ಟು ಚಿಕ್ಕದಕ್ಕೆ ಇಷ್ಟೊಂದು ದಾರಿಯೇ ಎಂದು ವಿಶಾಲಮ್ಮನಿಗೆ ಅನಿಸಿತು. "ನಾವು ಒಳಗೇ ಇರಬಹುದಾ ಫಾದರ್, ಹೊರಗೆ ಹೋಗಬೇಕಾ?" ಎಂದು ಕೇಳಿದರು.

"ಇರಿ ಅಮ್ಮ. ಬೆಳಿಗ್ಗೆಯಿಂದ ಜೊತೆಗೇ ಇದ್ದೀರಂತಲ್ಲ."

ಪ್ರಾರ್ಥನೆ ಚಿಕ್ಕದಾಗಿಯೇ ಮುಗಿಯಿತು. ಶೀಲಾ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಚಾಚಿದರು, 'ಆಮೆನ್' ಎಂದರು, ಬಾಯಿಗಿಟ್ಟುಕೊಂಡರು, ಕಣ್ಣು ಮುಚ್ಚಿದರು. ಮುರಿದ ಕಾಲಿನ ನೋವಿಗೆ ಇಷ್ಟು ದಿನ ಬಿಗಿದುಕೊಂಡೇ ಇದ್ದ ಹುಬ್ಬು ಸಡಿಲವಾದದ್ದನ್ನು ವಿಶಾಲಮ್ಮ ನೋಡಿದರು.  ಶೀಲಾ ಕಣ್ಣು ತೆರೆದು ಮಣೆಯ ಮೇಲಿನ ಬಟ್ಟಲಿನತ್ತ ನೋಡಿದರು. "ವಿಶಾಲು, ನಿನ್ನ ಸಜ್ಜಿಗೆ ಉಳಿದಿದ್ರೆ ಫಾದರ್‌ಗೂ ಕೊಡು. ನನಗೂ."

ಜಗಲಿಯಲ್ಲಿ ಕೂತು ತಿನ್ನುವಾಗ ಸುನಿಲ್‌ಕುಮಾರ್ ಬಾಯಿಬಿಟ್ಟ. "ಫೋನು ಬರ್ತವೆ ಅಂತ ನಾನು ಹೇಳಿರಲಿಲ್ವಾ ಅಮ್ಮ? ಬಂತು."

"ಯಾರಂತೆ?" ಎಂದರು ರಂಗಸ್ವಾಮಿ.

"ಕೆಳಗಿನ ಎಸ್ಟೇಟಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್ ಪ್ರದೀಪ. 'ಅದೇನು ಹಾಕಿದ್ದೀಯ ಮಾರಾಯ ಟಿ.ವಿ.ಯಲ್ಲಿ? ಕೊಯ್ಲಿಗೆ ಅಂತ ಬಂದಿರೋ ಜಾರ್ಖಂಡಿನ ಹೆಂಗಸ್ರು ಲೈನಲ್ಲಿ ಟಿ.ವಿ. ಮುಂದೆ ಮಂಡಿ ಊರಿಬುಟ್ಟವ್ರೆ, ಕರೆದ್ರೆ ಏಳ್ತಿಲ್ಲ. ನಮ್ಮ ಭಾಷೆ ಒಂದಕ್ಷರ ಬರಲ್ಲ ಅವಕ್ಕೆ. ಇದು ಮಾತ್ರ ಹೆಂಗೆ ಅರ್ಥ ಆಯ್ತು?' ಅಂತಾನೆ. ಕೆಲಸ ಕೆಟ್ಟೋಯ್ತು ಅಂತ ಬಯ್ದ. ಆಮೇಲೆ ಅವನೇ, ಅವರಲ್ಲೊಬ್ಬಳು ಏನೋ ಕೇಳ್ತಾ ಅವಳೆ, ಫಾದರ್ ಫಾದರ್ ಅಂತಾಳೆ, ಏನು ಹೇಳ್ಲಿ ಅಂದ."

ಫಾದರ್ ಬಟ್ಟಲು ಕೆಳಗಿಟ್ಟರು. "ಎಷ್ಟು ದೂರ ಅದು?"

"ಕಾಡಂಚಿನ ದಾರಿ ಫಾದರ್. ಬಿಸಿಲಿರೋವಾಗ ಹೋಗಿ ಬಂದುಬಿಡಬಹುದು. ಆದ್ರೆ ಆನೆ ಆ ಮಗ್ಗುಲಲ್ಲೇ ಐತಂತೆ."

ಫಾದರ್ ಎದೆಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಹೊರಟು ನಿಂತರು. ಸುನಿಲ್‌ಕುಮಾರ್ ಉಳಿದ ಸಜ್ಜಿಗೆಯನ್ನು ಒಂದೇ ತುತ್ತು ಮಾಡಿ ಬೀಗದ ಕೈ ತೆಗೆದ. ಓಮ್ನಿ ಸಕಲೇಶಪುರದ ಕಡೆಗೆ ತಿರುಗದೆ ಕೆಳಗಿನ ಮಣ್ಣಿನ ರಸ್ತೆಗೆ ಇಳಿಯಿತು.

ಶೀಲಾ ತಮ್ಮ ಕುರ್ಚಿಯನ್ನು ಜಗಲಿಯ ತುದಿಗೆ ಎಳೆಸಿಕೊಂಡರು. ಸಿಲ್ವರ್ ಮರಗಳ ನಡುವೆ ಎದ್ದ ಧೂಳು ಇಳಿಯುವವರೆಗೂ ಇಬ್ಬರೂ ಅತ್ತಲೇ ನೋಡುತ್ತಿದ್ದರು.

"ಕೊಯ್ಲು ಶುರುವಾದಾಗಿನಿಂದ ಅವರು ಅಲ್ಲೇ ಇದ್ರಾ?" ಎಂದು ಕೇಳಿದರು ಶೀಲಾ.

"ಹೋದ ವರ್ಷಾನೂ ಬಂದಿದ್ರು."

"ನಮ್ಮೋರು ಅಂತ ನನಗೆ ಗೊತ್ತೇ ಇರಲಿಲ್ಲ ವಿಶಾಲು. ಸಂತೇಲಿ ಎಷ್ಟು ಸಲ ಪಕ್ಕದಲ್ಲೇ ನಿಂತಿದ್ದೀನಿ." ಶೀಲಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅವರ ಕಡೆ ಹಬ್ಬಕ್ಕೆ ಏನು ಹಾಡ್ತಾರೋ? ಪ್ರದೀಪನ ನಂಬರು ನಿನ್ನ ಹತ್ರ ಇದೆಯಾ?"